ಬೆಳಗಾವಿಯ ಸಂಶೋಧನೆ ಖಾನಾಪುರದ ಕಾಡಿನ ತಾಯಿಗೆ ತಲಪುವುದೆಂದು?

2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದ ಚಳಿಗಾಲದ ಅಧಿವೇಶನದಲ್ಲಿ ಬಾಣಂತಿಯರ ಸಾವಿನ ವಿಷಯ ದೊಡ್ಡ ಚರ್ಚೆಗೆ ಕಾರಣವಾಯಿತು. ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ನವೆಂಬರ್‌ನಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ತಾಯಂದಿರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಿದ್ದರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ಎದ್ದು, ರಾಜ್ಯ ಔಷಧ ನಿಯಂತ್ರಕರನ್ನೇ ಸರಕಾರ ಅಮಾನತುಗೊಳಿಸಿತ್ತು. ಆಡಳಿತ ಪಕ್ಷ, ವಿರೋಧ ಪಕ್ಷಗಳ ವಾಗ್ವಾದ ಪತ್ರಿಕೆಗಳಲ್ಲಿ ಧಾರಾಳವಾಗಿ ಪ್ರಕಟವಾಯಿತು.

ಅದೇ ವರ್ಷದ ಮಳೆಗಾಲದಲ್ಲಿ ಇದೇ ಬೆಳಗಾವಿ ಜಿಲ್ಲೆಯ ಇನ್ನೊಂದು ಸುದ್ದಿ ಬಂದಿತ್ತು. ಖಾನಾಪುರ ತಾಲೂಕಿನ ಭೀಮಗಡ ಅರಣ್ಯದೊಳಗಿನ ಆಮಗಾಂವ್ ಎಂಬ ಊರಿನಲ್ಲಿ ಅಸ್ವಸ್ಥಳಾದ ಮಹಿಳೆಯೊಬ್ಬಳನ್ನು ಊರವರು ತಾವೇ ಕಟ್ಟಿಕೊಂಡ ಡೋಲಿಯಲ್ಲಿ ಮಲಗಿಸಿ, ಸುರಿಯುವ ಮಳೆಯಲ್ಲಿ, ಹಳ್ಳ ದಾಟಿ, ಹಲವು ಕಿಲೋಮೀಟರ್ ಹೊತ್ತು ಆ್ಯಂಬುಲೆನ್ಸ್ ಇರುವಲ್ಲಿಗೆ ತಲಪಿಸಿದರು. ಆ ಚಿತ್ರಗಳನ್ನು ಎರಡು ದಿನ ಎಲ್ಲರೂ ನೋಡಿದೆವು, ಮೂರನೆಯ ದಿನ ಮರೆತೆವು.

ಈ ಎರಡು ಸುದ್ದಿಗಳ ನಡುವೆ ಮೂರನೆಯದೊಂದು ಸಂಗತಿ ಇದೆ. ಅದು ಕನ್ನಡದಲ್ಲಿ ಸುದ್ದಿಯಾದದ್ದು ಕಡಿಮೆ. ಹೆರಿಗೆಯ ವೇಳೆ ತಾಯಿ ಸಾಯದಂತೆ ನೋಡಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಕಳೆದ 20-25 ವರ್ಷಗಳಲ್ಲಿ ಜಗತ್ತು ಕಂಡುಕೊಂಡ ಉತ್ತರಗಳಲ್ಲಿ ಕೆಲವು ಬಂದಿರುವುದು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದಲೇ. ಅವುಗಳನ್ನು ಹುಡುಕಿದವರು ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಅಧ್ಯಾಪಕರು ಮತ್ತು ಅವರೊಂದಿಗೆ ದುಡಿದ ಹಳ್ಳಿಯ ದಾದಿಯರು. ಜಗತ್ತಿಗೆ ಪಾಠ ಹೇಳಿದ ಜಿಲ್ಲೆಯಲ್ಲಿಯೇ ರೋಗಿಯನ್ನು ಡೋಲಿಯಲ್ಲಿ ಹೊರುವ ಸ್ಥಿತಿ ಏಕಿದೆ? ಒಂದು ವೈದ್ಯಕೀಯ ಕಾಲೇಜಿನ ಸಾಧನೆಯನ್ನು ನಾವು ಯಾವುದರಿಂದ ಅಳೆಯಬೇಕು? ಕರಾವಳಿಯಲ್ಲಿ ಹೆಜ್ಜೆಗೊಂದು ವೈದ್ಯಕೀಯ ಕಾಲೇಜನ್ನು ಕಂಡಿರುವ ನಮಗೂ ಈ ಪ್ರಶ್ನೆ ಸಂಬಂಧಪಟ್ಟದ್ದೇ.

ಏಳು ಮಂದಿ ಶಿಕ್ಷಕರಿಂದ ವಿಶ್ವವಿದ್ಯಾನಿಲಯದವರೆಗೆ

ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿ ಕೆಎಲ್ಇ, 1916ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಏಳು ಮಂದಿ ಶಿಕ್ಷಕರನ್ನು ಉತ್ತರ ಕರ್ನಾಟಕದ ಜನ ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತಾರೆ. ಒಂದು ಶಾಲೆಯಿಂದ ಹೊರಟ ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. 2006ರಲ್ಲಿ ಅದರ ಆರೋಗ್ಯ ವಿಜ್ಞಾನ ಕಾಲೇಜುಗಳು ಸೇರಿ ಡೀಮ್ಡ್ ವಿಶ್ವವಿದ್ಯಾನಿಲಯವಾದವು. ಇಂದು ಅದರ ಹೆಸರು ಕೆಎಲ್ಇ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿ. ಅದೇ ನಗರದಲ್ಲಿ 2005ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ಬಿಮ್ಸ್, ಜಿಲ್ಲಾಸ್ಪತ್ರೆಯೊಂದಿಗೆ ಸೇರಿ ನಡೆಯುತ್ತಿದೆ.

ಕರಾವಳಿಯ ಓದುಗರಿಗೆ ಈ ಕತೆ ಹೊಸದೆನಿಸದು. ಮಂಗಳೂರಿನಲ್ಲಿ 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಮರದಡಿ ಹೋಮಿಯೋಪಥಿ ಗುಳಿಗೆ ಕೊಡುತ್ತ ಆರಂಭಿಸಿದ ಸೇವೆ 1999ರಲ್ಲಿ ವೈದ್ಯಕೀಯ ಕಾಲೇಜಾಗಿ ಬೆಳೆಯಿತು. ಮಣಿಪಾಲದಲ್ಲಿ 1953ರಲ್ಲಿಯೇ ಖಾಸಗಿ ವೈದ್ಯಕೀಯ ಕಾಲೇಜು ಕಣ್ಣುಬಿಟ್ಟಿತ್ತು. ಸಮುದಾಯವೊಂದು ಕಾಸು ಕೂಡಿಸಿ ಶಾಲೆ ಕಟ್ಟುವುದು, ಶಾಲೆ ಕಾಲೇಜಾಗುವುದು, ಕಾಲೇಜು ಆಸ್ಪತ್ರೆಯಾಗುವುದು ನಮ್ಮ ರಾಜ್ಯದ ಶಿಕ್ಷಣದ ಹಳೆಯ ದಾರಿ. ಆದರೆ ಸಂಶೋಧನೆಯ ವಿಷಯದಲ್ಲಿ ಬೆಳಗಾವಿ ತುಳಿದ ದಾರಿ ಕೊಂಚ ಬೇರೆ. ಅದು ಪ್ರಯೋಗಾಲಯದ ಒಳಗಿನ ಸಂಶೋಧನೆಗಿಂತ ಹೆಚ್ಚಾಗಿ ಹಳ್ಳಿಯ ಹೆರಿಗೆ ಮನೆಯ ಸಂಶೋಧನೆ. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ಹಲವು ದೇಶಗಳ ಒಂದು ಸಂಶೋಧನಾ ಜಾಲವನ್ನು ರಚಿಸಿದಾಗ ಬೆಳಗಾವಿ ಅದರ ಒಂದು ಕೇಂದ್ರವಾಯಿತು. ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ, ಡಾ. ಮೃತ್ಯುಂಜಯ ಬೆಲ್ಲದ ಮೊದಲಾದ ಅಧ್ಯಾಪಕರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಂದಿಗೆ ಸೇರಿ ಕೆಲಸ ಆರಂಭಿಸಿದರು.

ರಕ್ತ ಅಳೆಯುವ ಪ್ಲಾಸ್ಟಿಕ್ ಹಾಳೆ

ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವವೆನ್ನುತ್ತಾರೆ. ಬಡ ದೇಶಗಳಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಇದೆ. ಆದರೆ ಅದನ್ನು ತಂಪಾಗಿ ಇಡಬೇಕು, ಚುಚ್ಚಲು ತಿಳಿದವರು ಬೇಕು. 2002ರ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಮನೆಯಲ್ಲಿಯೇ ಆಗುತ್ತಿದ್ದ ಹೆರಿಗೆಗಳೆಷ್ಟು, ಕರೆಂಟು ಇರುತ್ತಿದ್ದ ಗಂಟೆಗಳೆಷ್ಟು ಎಂಬುದನ್ನು ನೆನೆದರೆ ಕಷ್ಟ ಅರ್ಥವಾಗುತ್ತದೆ.

ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಡ್ಜ್ ಬೇಡ, ಸೂಜಿ ಬೇಡ. ಅದನ್ನು ಹಳ್ಳಿಯ ದಾದಿಯೇ ಕೊಟ್ಟರೆ ಪ್ರಯೋಜನವಾದೀತೇ ಎಂಬುದನ್ನು ನೋಡಲು 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಅಧ್ಯಯನ ನಡೆಯಿತು. 1,620 ಮಂದಿ ತಾಯಂದಿರು, 25 ಮಂದಿ ದಾದಿಯರು. ಅರ್ಧದಷ್ಟು ತಾಯಂದಿರಿಗೆ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧರಹಿತ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ದಾದಿಗೂ ತಿಳಿಯದು, ತಾಯಿಗೂ ತಿಳಿಯದು. ಅತಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಒಂದು ಲೀಟರಿಗೂ ಮಿಕ್ಕಿದ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಬಂತು. ಹದಿನೆಂಟು ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆಂಬ ಲೆಕ್ಕ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ರಕ್ತಸ್ರಾವ ತಡೆಯುವ ಈ ಬಳಕೆಗೂ ಸ್ಥಾನ ಸಿಕ್ಕಿತು.

ಈ ಅಧ್ಯಯನದಲ್ಲಿ ಮಾತ್ರೆಯಷ್ಟೇ ಮುಖ್ಯವಾದ ಇನ್ನೊಂದು ವಸ್ತುವಿತ್ತು. ರಕ್ತ ಎಷ್ಟು ಹೋಯಿತೆಂದು ತಿಳಿಯಬೇಕಾದರೆ ಅಳೆಯಬೇಕಷ್ಟೆ. ನೆಲಕ್ಕೆ, ಸೀರೆಗೆ, ಗೋಣಿಗೆ ಇಂಗಿದ ರಕ್ತವನ್ನು ಅಳೆಯುವುದು ಹೇಗೆ? ಅದಕ್ಕಾಗಿ ಅವರು ತಾಯಿಯ ಸೊಂಟದಡಿ ಹಾಸುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಅದರ ತುದಿ ಆಲಿಕೆಯಂತೆ ಇಳಿದು ಗೆರೆಗಳಿರುವ ಚೀಲವಾಗುತ್ತದೆ. ರಕ್ತ ಚೀಲದಲ್ಲಿ ಸೇರಿದಂತೆ ಗೆರೆ ನೋಡಿದರೆ ಸಾಕು. ಇದೇ ಹಾಳೆಯನ್ನು ಬಳಸಿ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ಕಣ್ಣಂದಾಜಿನಲ್ಲಿ ಹೇಳಿದ ಪ್ರಮಾಣ ಹಾಳೆಯಲ್ಲಿ ಸಿಕ್ಕಿದ್ದಕ್ಕಿಂತ ಮೂರನೇ ಒಂದರಷ್ಟು ಕಡಿಮೆಯಿತ್ತು. ಅಂದರೆ ಇಷ್ಟೇ ತಾನೆ ಎಂದು ಸುಮ್ಮನಿದ್ದ ಹೊತ್ತಿನಲ್ಲಿಯೇ ತಾಯಿ ಕೈತಪ್ಪಿ ಹೋಗುತ್ತಿದ್ದಳು.

ಈ ಹಾಳೆಗೆ ಸಲ್ಲಬೇಕಾದ ಗೌರವ ಸಲ್ಲಲು ಎರಡು ದಶಕ ಬೇಕಾಯಿತು. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಹೆರಿಗೆಗಳನ್ನು ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ಅಳತೆಯ ಗೆರೆಯಿರುವ ಇಂಥ ಹಾಳೆಯನ್ನು ಹಾಸಿ, ರಕ್ತಸ್ರಾವ ಕಂಡೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದ ಕಡೆ ಗಂಭೀರ ಪರಿಣಾಮಗಳು ಶೇ. 60ರಷ್ಟು ಕಡಿಮೆಯಾಗಿದ್ದವು. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪ್ರಸೂತಿ ತಜ್ಞರ, ದಾದಿಯರ ಅಂತಾರಾಷ್ಟ್ರೀಯ ಸಂಘಟನೆಗಳು ಹೊರಡಿಸಿದ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 300 ಮಿಲಿಲೀಟರ್ ರಕ್ತ ಹೋಗಿ ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರು ಕಂಡರೆ 500ಕ್ಕೆ ಕಾಯದೆ ಚಿಕಿತ್ಸೆ ಆರಂಭಿಸಿರಿ ಎಂಬುದು ಅದರ ಸಾರ. ಅಳತೆಯಿಲ್ಲದೆ ಈ ಮಾತಿಗೆ ಅರ್ಥವಿಲ್ಲ. ಬೆಳಗಾವಿಯ ದಾದಿಯರು 2002ರಲ್ಲಿ ಹಾಸಿದ ಹಾಳೆಯಿಂದ ಹೊರಟ ದಾರಿ ಇಲ್ಲಿಯವರೆಗೆ ಬಂದಿದೆ.

ಒಂದೇ ಔಷಧ, ಎರಡು ಉತ್ತರ

ಸಾಧನೆಯೆಂದರೆ ಬರೇ ಗೆದ್ದ ಕತೆಗಳನ್ನು ಹೇಳುವುದಲ್ಲ. ಬೆಳಗಾವಿ ಪಾಲುಗೊಂಡ ಅಧ್ಯಯನಗಳಲ್ಲಿ ಅತ್ಯಂತ ದೊಡ್ಡ ಪಾಠ ಕಲಿಸಿದ್ದು ವಿಫಲವಾದ ಒಂದು ಅಧ್ಯಯನ ಎಂದರೆ ತಪ್ಪಾಗಲಾರದು.

ದಿನ ತುಂಬುವ ಮೊದಲೇ ಹೆರಿಗೆಯಾಗುವ ಲಕ್ಷಣ ಕಂಡಾಗ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಇದು ದಶಕಗಳಿಂದ ಸಾವಿರಾರು ಮಕ್ಕಳನ್ನು ಉಳಿಸಿದೆ. ಇದನ್ನೇ ಹಳ್ಳಿಗಳಿಗೆ ಒಯ್ದರೆ ಇನ್ನೆಷ್ಟು ಮಕ್ಕಳು ಉಳಿದಾರು ಎಂಬ ಆಸೆಯಿಂದ ಭಾರತ, ಪಾಕಿಸ್ತಾನ, ಕೆನ್ಯಾ, ಜಾಂಬಿಯಾ, ಗ್ವಾಟೆಮಾಲಾ, ಅರ್ಜೆಂಟೀನಾಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳನ್ನು ಒಳಗೊಂಡ ಅಧ್ಯಯನ ನಡೆಯಿತು. ಭಾರತದ ಕೇಂದ್ರಗಳು ಬೆಳಗಾವಿ ಮತ್ತು ನಾಗಪುರ. 2015ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನು ತಲ್ಲಣಗೊಳಿಸಿತು. ತೀರ ಚಿಕ್ಕ ಮಕ್ಕಳಿಗೆ ಲಾಭವಾಗಲಿಲ್ಲ. ಒಟ್ಟು ಲೆಕ್ಕದಲ್ಲಿ ಸಾವಿರ ಮಕ್ಕಳಿಗೆ ಮೂರರಿಂದ ನಾಲ್ಕರಷ್ಟು ಹೆಚ್ಚು ಸಾವು ಸಂಭವಿಸಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಔಷಧ ಕೆಟ್ಟದ್ದೇ? ಅಲ್ಲ. ಹಳ್ಳಿಯಲ್ಲಿ ಗರ್ಭದ ವಾರಗಳ ಲೆಕ್ಕ ಸರಿಯಾಗಿ ಸಿಗುತ್ತಿರಲಿಲ್ಲ. ಆದುದರಿಂದ ದಿನ ತುಂಬಲಿದ್ದ ಎಷ್ಟೋ ತಾಯಂದಿರಿಗೂ ಚುಚ್ಚುಮದ್ದು ಸಂದಿತ್ತು. ಹುಟ್ಟಿದ ಮಗುವಿಗೆ ಬೇಕಾದ ಆರೈಕೆಯೂ ಹತ್ತಿರದಲ್ಲಿರಲಿಲ್ಲ. ಇದನ್ನು ಒರೆಗೆ ಹಚ್ಚಲು ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ ಮತ್ತು ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಮತ್ತೊಂದು ಅಧ್ಯಯನವಾಯಿತು. ಅದರಲ್ಲಿಯೂ ಬೆಳಗಾವಿಯ ತಂಡವಿತ್ತು. ಸ್ಕ್ಯಾನಿಂಗ್‌ನಿಂದ ವಾರ ಗೊತ್ತಿರುವ, ಮಗುವಿನ ಆರೈಕೆಗೆ ವ್ಯವಸ್ಥೆಯಿರುವ ಆಸ್ಪತ್ರೆಗಳಲ್ಲಿ ಮಾತ್ರ ಚುಚ್ಚುಮದ್ದು ಕೊಟ್ಟರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಶಿಶುಮರಣ ಶೇ. 23.5ರಿಂದ ಶೇ. 19.6ಕ್ಕೆ ಇಳಿದಿತ್ತು. ಲಾಭ ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಬೇಕು. ಒಂದೇ ಔಷಧ ನಗರದ ಆಸ್ಪತ್ರೆಯಲ್ಲಿ ಜೀವ ಉಳಿಸಿತು, ವ್ಯವಸ್ಥೆಯಿಲ್ಲದ ಕಡೆ ಹಾನಿ ಮಾಡಿತು. ದಾರಿ, ದಾದಿ, ಸ್ಕ್ಯಾನಿಂಗ್, ಬೆಚ್ಚಗಿನ ಕೋಣೆ ಇವೆಲ್ಲ ಇಲ್ಲದೆ ಔಷಧದ ಪೆಟ್ಟಿಗೆಯೊಂದನ್ನು ಹಳ್ಳಿಗೆ ಕಳುಹಿಸಿ ಕರ್ತವ್ಯ ಮುಗಿಯಿತೆನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಉಳಿದ ಕೆಲವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹುಟ್ಟಿದೊಡನೆ ಉಸಿರಾಡದ ಮಗುವಿಗೆ ಉಸಿರು ಕೊಡುವುದು ಹೇಗೆಂದು ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಟ್ಟ ಆರು ದೇಶಗಳ ಅಧ್ಯಯನದಲ್ಲಿ (2010) ಸತ್ತು ಹುಟ್ಟಿದವೆಂದು ಬರೆಯಲಾಗುತ್ತಿದ್ದ ಶಿಶುಗಳ ಸಂಖ್ಯೆ ಸಾವಿರಕ್ಕೆ 23ರಿಂದ ಸುಮಾರು 16ಕ್ಕೆ ಇಳಿಯಿತು. ಅಂದರೆ ಅವುಗಳಲ್ಲಿ ಕೆಲವು ಬದುಕಿದ್ದೇ ಹುಟ್ಟಿದ್ದವು! ಹೆರಿಗೆ ನೋವಿನ ವೇಳೆ ಒಂದೇ ಸಲ ಅಜಿತ್ರೊಮೈಸಿನ್ ಮಾತ್ರೆ ಕೊಟ್ಟ ಅಧ್ಯಯನದಲ್ಲಿ (2023) 29 ಸಾವಿರಕ್ಕೂ ಮಿಕ್ಕಿ ತಾಯಂದಿರಿದ್ದರು. ಅವರಲ್ಲಿ ತೀವ್ರ ಸೋಂಕು ಅಥವಾ ಸಾವು ಶೇ. 2.4ರಿಂದ ಶೇ. 1.6ಕ್ಕೆ ಬಂತು. ಮಗುವಿಗೆ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ. ಈ ಎರಡರಲ್ಲಿಯೂ ಬೆಳಗಾವಿಯ ಹಳ್ಳಿಗಳ ತಾಯಂದಿರ ಪಾಲಿದೆ.

ಬಡವರ ಮೈಮೇಲೆ ಪ್ರಯೋಗವೇ?

ಇಂಥ ಸಂಶೋಧನೆಗಳ ಬಗ್ಗೆ ಕೇಳಿದೊಡನೆ ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು. ಅಮೆರಿಕದ ಹಣ, ನಮ್ಮ ಹಳ್ಳಿಯ ಹೆಂಗಸರು, ಔಷಧವಿಲ್ಲದ ಗುಳಿಗೆ. ಪ್ರಶ್ನೆ ಕೇಳಬೇಕಾದದ್ದೇ. ಅಕ್ಷರ ಬಾರದ ತಾಯಿ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆಯಾಗುವುದು ಯಾವಾಗ? ಗಂಡ, ಅತ್ತೆ, ನರ್ಸಬಾಯಿ ಎಲ್ಲರೂ ಹೂಂ ಅಂದ ಮೇಲೆ ಅವಳು ಊಹೂಂ ಅನ್ನುವಳೇ?

ಇದಕ್ಕೆ ಎರಡು ಮಾತು ಹೇಳಬಹುದು. ಮಿಸೊಪ್ರೊಸ್ಟಾಲ್ ಅಧ್ಯಯನದ ಕಾಲದಲ್ಲಿ ಹಳ್ಳಿಯ ದಾದಿಗೆ ಆಕ್ಸಿಟೋಸಿನ್ ಚುಚ್ಚುವ ಅಧಿಕಾರವಿರಲಿಲ್ಲ. ಆದುದರಿಂದ ಗುಳಿಗೆ ಪಡೆದ ತಾಯಿಗೆ ಅಂದಿನ ದಿನಗಳಲ್ಲಿ ಸಿಗುತ್ತಿದ್ದ ಆರೈಕೆಯಲ್ಲಿ ಕಡಿತವಾಗಲಿಲ್ಲ. ಎರಡನೆಯದಾಗಿ, ಲಂಡನ್ನಿನ ಆಸ್ಪತ್ರೆಯಲ್ಲಿ ಮಾಡಿದ ಅಧ್ಯಯನ ನಮ್ಮ ಹಳ್ಳಿಗೆ ಉತ್ತರ ಕೊಡಲಾರದು ಎಂಬುದನ್ನು ಸ್ಟೀರಾಯ್ಡ್ ಕತೆಯೇ ತೋರಿಸಿದೆ. ಹಳ್ಳಿಯ ಪ್ರಶ್ನೆಗೆ ಹಳ್ಳಿಯಲ್ಲಿಯೇ ಉತ್ತರ ಹುಡುಕಬೇಕು.

ಆದರೆ ಇದರಿಂದ ಋಣ ತೀರುವುದಿಲ್ಲ. ವೈದ್ಯಕೀಯ ಸಂಶೋಧನೆಯ ನೀತಿಯನ್ನು ಹೇಳುವ ಹೆಲ್ಸಿಂಕಿ ಘೋಷಣೆಯ ಪ್ರಕಾರ, ದುರ್ಬಲ ಸಮುದಾಯವೊಂದರ ಮೇಲೆ ಸಂಶೋಧನೆ ನಡೆದರೆ ಅದರ ಫಲ ಆ ಸಮುದಾಯಕ್ಕೆ ಸಿಗಬೇಕು. ಬೆಳಗಾವಿಯ ತಾಯಂದಿರು ತಮ್ಮ ಹೆರಿಗೆಯ ಕಷ್ಟದ ಗಳಿಗೆಯನ್ನು ಜಗತ್ತಿನ ಜ್ಞಾನಕ್ಕೆ ಕೊಟ್ಟಿದ್ದಾರೆ. ಅವರ ಜಿಲ್ಲೆಯ ಪ್ರತಿ ಹೆರಿಗೆ ಕೋಣೆಯಲ್ಲಿ ಅಳತೆಯ ಹಾಳೆ ಇದೆಯೇ, ಮಾತ್ರೆಯ ದಾಸ್ತಾನು ಇದೆಯೇ ಎಂಬುದು ಆ ಋಣದ ಲೆಕ್ಕ. ಅದನ್ನು ಕೇಳುವ ಹಕ್ಕು ಆ ತಾಯಂದಿರಿಗಿದೆ.

ವಿದ್ಯಾರ್ಥಿಯ ಮೊದಲ ಪಾಠ

ವೈದ್ಯಕೀಯ ವಿದ್ಯಾರ್ಥಿಯ ಅನುಭವವೆಂದರೆ ಮೊದಲ ವರ್ಷದ ಶವಚ್ಛೇದನ, ರಾತ್ರಿಯ ಓದು, ಹಾಸ್ಟೆಲ್ ಊಟ ಎಂದೇ ನಮ್ಮ ಕಲ್ಪನೆ. ಕಳೆದ ಕೆಲವು ವರ್ಷಗಳಲ್ಲಿ ಇನ್ನೊಂದು ಸೇರಿದೆ. 2021-22ರ ತಂಡದಿಂದ ಆರಂಭಿಸಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕುಟುಂಬ ದತ್ತು ಕಾರ್ಯಕ್ರಮವನ್ನು ಪಠ್ಯದಲ್ಲಿ ಸೇರಿಸಿತು. ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ತನ್ನವೆಂದು ಭಾವಿಸಿ ಓದಿನ ವರ್ಷಗಳುದ್ದಕ್ಕೂ ಭೇಟಿ ಕೊಡಬೇಕು. ಅದಲ್ಲದೆ ಕಡ್ಡಾಯ ಇಂಟರ್ನ್‌ಶಿಪ್‌ನ ಹನ್ನೆರಡು ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು.

ಬೆಳಗಾವಿಯ ಕಾಲೇಜಿಗೆ ವಂಟಮೂರಿ, ಹಂದಿಗನೂರು, ಕಿಣಯೆ ಮೊದಲಾದ ಊರುಗಳ ಆರೋಗ್ಯ ಕೇಂದ್ರಗಳು ಬಹುಕಾಲದಿಂದ ತರಬೇತಿಯ ನೆಲೆಗಳು. ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಬಂದ ಹುಡುಗ ಹುಡುಗಿಯರಿಗೆ ಅಲ್ಲಿನ ಮೊದಲ ಪರೀಕ್ಷೆ ಭಾಷೆಯದ್ದು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಖಾನಾಪುರದ ಕಡೆ ಇಳಿದರೆ ಕೊಂಕಣಿ. ಎಷ್ಟು ತಿಂಗಳು ಎಂದು ಕೇಳಿದರೆ ಗರ್ಭಿಣಿ ತಿಂಗಳು ಹೇಳದೆ ಹಬ್ಬ ಹೇಳುತ್ತಾಳೆ. ಗಣೇಶ ಚೌತಿಗೆ ಮುಟ್ಟು ನಿಂತಿತು ಎಂಬ ಮಾತನ್ನು ವಾರಗಳ ಲೆಕ್ಕಕ್ಕೆ ತರುವುದನ್ನು ಪುಸ್ತಕ ಕಲಿಸುವುದಿಲ್ಲ, ಹಳೆಯ ಆಶಾ ಕಾರ್ಯಕರ್ತೆ ಕಲಿಸುತ್ತಾಳೆ. ಇದೇ ವಾರಗಳ ಲೆಕ್ಕ ತಪ್ಪಿದ್ದರಿಂದ ಲಕ್ಷ ಹೆರಿಗೆಗಳ ಅಧ್ಯಯನವೊಂದು ತಲೆಕೆಳಗಾಯಿತೆಂದು ಅದೇ ವಿದ್ಯಾರ್ಥಿಗೆ ತರಗತಿಯಲ್ಲಿ ಹೇಳಿಕೊಟ್ಟರೆ, ಹಳ್ಳಿಯ ಭೇಟಿ ಬರೇ ಹಾಜರಿಯ ಸಹಿಯಾಗಿ ಉಳಿಯದು.

ಇಲ್ಲಿ ದೂರ ದೇಶದ ವಿದ್ಯಾರ್ಥಿಗಳೂ ಇದ್ದಾರೆ. ಮಲೇಶ್ಯದ ಸೈನ್ಸ್ ವಿಶ್ವವಿದ್ಯಾನಿಲಯ ಕೆಎಲ್ಇ ಸಹಯೋಗದಲ್ಲಿ 2010ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಶಿಕ್ಷಣ ಆರಂಭಿಸಿತು. ಅಲ್ಲಿಂದ ಬಂದ ಯುವಕ ಯುವತಿಯರು ಬೆಳಗಾವಿಯ ರೋಗಿಗಳಿಂದ ವೈದ್ಯಕೀಯ ಕಲಿತು ತಮ್ಮ ದೇಶದಲ್ಲಿ ಸೇವೆಗೈಯುತ್ತಿದ್ದಾರೆ. ಬೆಳಗಾವಿಯ ರೋಗಿ ಹೀಗೆ ಜಗತ್ತಿನ ಗುರುವಾಗಿದ್ದಾನೆ. ಗುರುದಕ್ಷಿಣೆ ಮಾತ್ರ ಬಾಕಿ ಉಳಿದಿದೆ.

ಹಳೆ ವಿದ್ಯಾರ್ಥಿ ಎಲ್ಲಿದ್ದಾನೆ?

ಯಾವುದೇ ವೈದ್ಯಕೀಯ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಸಮಾರಂಭಕ್ಕೆ ಹೋದರೂ ಸನ್ಮಾನದ ಶಾಲು ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಗಮನಿಸಿರಿ. ಅಮೆರಿಕದ ಹೃದ್ರೋಗ ತಜ್ಞ, ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ, ಕೊಲ್ಲಿಯ ಆಸ್ಪತ್ರೆಯ ಮುಖ್ಯಸ್ಥ. ಅವರ ಸಾಧನೆಯನ್ನು ಯಾರೂ ಕಡಿಮೆಯೆನ್ನಲಾರರು. ಅರವತ್ತು ವರ್ಷ ದಾಟಿದ ಬೆಳಗಾವಿಯ ಕಾಲೇಜಿನಿಂದ ಹೊರಟವರು ಉತ್ತರ ಕರ್ನಾಟಕ, ದಕ್ಷಿಣ ಮಹಾರಾಷ್ಟ್ರ, ಗೋವೆಗಳಲ್ಲಿ ತುಂಬಿದ್ದಾರೆ. ತಾಲೂಕು ಪೇಟೆಗಳ ಎಷ್ಟೋ ಚಿಕಿತ್ಸಾಲಯಗಳ ಬೋರ್ಡಿನಲ್ಲಿ ಆ ಕಾಲೇಜಿನ ಪದವಿ ಇದೆ.

ಆದರೆ ತಾಲೂಕು ಪೇಟೆಯಿಂದ ಮುಂದೆ, ಡಾಂಬರು ಮುಗಿದ ಮೇಲೆ ಯಾರಿದ್ದಾರೆ? ಪದವಿ ಪಡೆದ ವೈದ್ಯರು ಒಂದು ವರ್ಷ ಹಳ್ಳಿಯಲ್ಲಿ ದುಡಿಯಬೇಕೆಂದು ರಾಜ್ಯ ಸರಕಾರ 2012ರಲ್ಲಿ ಕಾಯಿದೆ ಮಾಡಿತು. ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿದ್ದು ಜಾರಿಗೆ ಬಂದದ್ದು 2015ರಲ್ಲಿ. ನ್ಯಾಯಾಲಯದ ಮೆಟ್ಟಿಲನ್ನೂ ಅದು ಹತ್ತಿತು. ಕಾಲೇಜುಗಳು ಹೆಚ್ಚಿ ಪದವೀಧರರ ಸಂಖ್ಯೆ ಹುದ್ದೆಗಳ ಸಂಖ್ಯೆಯನ್ನು ಮೀರಿದ ಮೇಲೆ, 2023ರ ಕೊನೆಯಲ್ಲಿ ಸರಕಾರ ಇದನ್ನು ಸಡಿಲಿಸಿ, ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಮಂದಿಗೆ ಮಾತ್ರ ಸೀಮಿತಗೊಳಿಸಲು ಮುಂದಾಯಿತು. ವೈದ್ಯರು ಹೆಚ್ಚಾಗಿದ್ದಾರೆ, ಆದರೆ ಕಾಡಿನ ಅಂಚಿನ ಊರಿಗೆ ಹೋಗುವವರು ಹೆಚ್ಚಾಗಿಲ್ಲ. ಕಡ್ಡಾಯ ಮಾಡಿದರೆ ಬಂದವರು ದಿನ ಎಣಿಸುತ್ತಾರೆ. ಬಿಟ್ಟರೆ ಬರುವುದೇ ಇಲ್ಲ. ನಡುವಿನ ದಾರಿ ಕಾಲೇಜುಗಳ ಕೈಯಲ್ಲಿದೆ.

ಮಳೆ ಬಂದಾಗ ಖಾನಾಪುರ

ಬೆಳಗಾವಿಯಿಂದ ಖಾನಾಪುರ ಪೇಟೆಗೆ ಸುಮಾರು 25 ಕಿಲೋಮೀಟರ್. ಮಲಪ್ರಭೆ ಹುಟ್ಟುವ ಕಣಕುಂಬಿ, ರೈಲು ಹಾದಿಯ ಲೋಂಡಾ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇದೇ ತಾಲೂಕಿನವು. ಪಶ್ಚಿಮದ ಅರ್ಧ ದಟ್ಟ ಕಾಡು. 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಣೆಯಾದ ಪ್ರದೇಶದೊಳಗೆ ಆಮಗಾಂವ್, ಗವಾಳಿ, ತಳೇವಾಡಿ, ಕೃಷ್ಣಾಪುರದಂಥ ಚಿಕ್ಕ ಊರುಗಳಿವೆ. ಆಮಗಾಂವ್ ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. 2010ರಲ್ಲಿ ಅಲ್ಲಿ 10,000 ಮಿಲಿಮೀಟರಿಗೂ ಮಿಕ್ಕಿ ಮಳೆ ದಾಖಲಾಗಿತ್ತು. ನಮ್ಮ ಮಂಗಳೂರಿನ ಮಳೆಗೆ ಹೋಲಿಸಿದರೆ ಎರಡೂವರೆ ಪಟ್ಟಿನಷ್ಟು!

ವನ್ಯಜೀವಿ ಕಾನೂನಿನಿಂದಾಗಿ ರಸ್ತೆ, ಸೇತುವೆ, ವಿದ್ಯುತ್ ಇಲ್ಲಿ ಸುಲಭದ ಮಾತಲ್ಲ. ಪುನರ್ವಸತಿಯ ಮಾತು ಹಲವು ವರ್ಷಗಳಿಂದ ನಡೆದಿದೆ. ಆಮಗಾಂವ್ ಘಟನೆಯ ಬಳಿಕ ಅದಕ್ಕೆ ವೇಗ ಬಂತು. ಒಪ್ಪಿದವರಿಗೆ ನ್ಯಾಯವಾದ ಪರಿಹಾರ ಕೊಟ್ಟು ಹೊರತರುವುದು ಒಂದು ದಾರಿ. ಆದರೆ ಒಪ್ಪದವರು ಅಲ್ಲಿಯೇ ಇರುತ್ತಾರೆ, ಅಲ್ಲಿಯೇ ಬಸಿರಾಗುತ್ತಾರೆ. ಊರು ಖಾಲಿಯಾಗುವವರೆಗೆ ಹೆರಿಗೆ ಕಾಯುವುದಿಲ್ಲ.

ರಾಜ್ಯದ ಒಟ್ಟು ಚಿತ್ರ ಸುಧಾರಿಸಿದೆ ಎಂಬುದನ್ನು ಒಪ್ಪಬೇಕು. 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದ ಕರ್ನಾಟಕದಲ್ಲಿ 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗಿದ್ದವು. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 2008ರಲ್ಲಿ ಬಂದ 108 ಆ್ಯಂಬುಲೆನ್ಸ್ ಇದನ್ನು ಸಾಧಿಸಿದವು. ಆದರೆ ಉಳಿದ ಶೇ. 3 ಮಂದಿ ಯಾರು? ಅವರು ರಾಜ್ಯದ ತುಂಬ ಸಮನಾಗಿ ಹಂಚಿಹೋದವರಲ್ಲ. ದಾರಿಯಿಲ್ಲದ ಊರುಗಳಲ್ಲಿ ಒಟ್ಟಾಗಿರುವವರು. ಸರಾಸರಿಯಲ್ಲಿ ಅವರು ಕಾಣಿಸುವುದಿಲ್ಲ. ಇತ್ತ ಆಸ್ಪತ್ರೆಗೆ ಬಂದವರೂ ಸುರಕ್ಷಿತರಲ್ಲವೆಂದು ಬಳ್ಳಾರಿ ತೋರಿಸಿತು.

ಏನು ಮಾಡಬಹುದು?

ಮೊದಲನೆಯದಾಗಿ, ಮಳೆಗಾಲದಲ್ಲಿ ದಿನ ತುಂಬುವ ಕಾಡಿನ ಊರುಗಳ ಗರ್ಭಿಣಿಯರು ಹೆರಿಗೆಗೆ ಕೆಲವು ವಾರ ಮೊದಲೇ ಬಂದು ಇರಲು ಖಾನಾಪುರದಲ್ಲಿಯೋ ಜಾಂಬೋಟಿಯಲ್ಲಿಯೋ ಒಂದು ತಂಗುಮನೆ ಬೇಕು. ಜೊತೆಗೆ ಒಬ್ಬ ತಾಯಿಯೋ ಅತ್ತೆಯೋ, ಚಿಕ್ಕ ಮಕ್ಕಳಿದ್ದರೆ ಅವರೂ ಇರಲು ಅನುಕೂಲವಿರಬೇಕು. ದಿನಗೂಲಿ ತಪ್ಪುವುದಕ್ಕೆ ಒಂದಿಷ್ಟು ಪರಿಹಾರವೂ ಬೇಕು. ಇಲ್ಲವಾದರೆ ಯಾರೂ ಬರಲಾರರು. ಯಾರ ದಿನ ಯಾವಾಗ ತುಂಬುತ್ತದೆಂಬ ಪಟ್ಟಿ ಮಾಡುವುದು ಈ ಸಂಶೋಧಕರಿಗೆ ಹೊಸತಲ್ಲ. ತಮ್ಮ ಅಧ್ಯಯನದ ಹಳ್ಳಿಗಳಲ್ಲಿ ಪ್ರತಿ ಗರ್ಭಿಣಿಯನ್ನು ನೋಂದಾಯಿಸಿ ಹೆರಿಗೆಯ ನಂತರದವರೆಗೂ ಹಿಂಬಾಲಿಸುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದ್ದಾರೆ.

ಎರಡನೆಯದಾಗಿ, ಅಳತೆಯ ಹಾಳೆ ಮತ್ತು ಹೊಸ ಮಾರ್ಗಸೂಚಿ ಜಿಲ್ಲೆಯ ಪ್ರತಿ ಹೆರಿಗೆ ಕೋಣೆಗೆ ಬರಲಿ. ಹುಟ್ಟಿದ ಊರಿನಲ್ಲಿಯೇ ಅದು ಮೊದಲು ಪೂರ್ತಿ ಜಾರಿಯಾಗುವುದು ಸೂಕ್ತ.

ಮೂರನೆಯದಾಗಿ, ಹಳೆ ವಿದ್ಯಾರ್ಥಿಗಳು ಕಾಲೇಜಿನ ಸಭಾಂಗಣಕ್ಕೆ ಕೊಡುವ ದೇಣಿಗೆಯ ಒಂದು ಪಾಲು ಕಾಡಿನಂಚಿನ ಊರಿನಲ್ಲಿ ಎರಡು ವರ್ಷ ದುಡಿಯಲೊಪ್ಪುವ ಯುವ ವೈದ್ಯರಿಗೆ, ದಾದಿಯರಿಗೆ ಸಲ್ಲಲಿ. ಅವರಿಗೆ ಉನ್ನತ ವ್ಯಾಸಂಗದಲ್ಲಿ ಆದ್ಯತೆಯೂ ಸಿಗಲಿ. ಮುಂದಿನ ಸಮಾರಂಭದಲ್ಲಿ ಮೊದಲ ಶಾಲು ಅವರ ಹೆಗಲಿಗೆ ಬೀಳಲಿ.

ನಾಲ್ಕನೆಯದು ಹಣದ ಮಾತು. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಅನುದಾನದ ಹಣ ವಿದೇಶಿ ಪಾಲುದಾರರಿಗೆ ಹರಿಯುವ ಹಳೆಯ ಪದ್ಧತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಹೊರಗಿನ ಹಣದ ಮೇಲೆ ನಿಂತ ಸಂಶೋಧನೆ ಎಷ್ಟು ದುರ್ಬಲ ಎಂಬುದಕ್ಕೆ ಇದು ಎಚ್ಚರಿಕೆ. ನಮ್ಮ ತಾಯಂದಿರು ಏಕೆ ಸಾಯುತ್ತಾರೆಂದು ತಿಳಿಯುವುದಕ್ಕೆ ನಮ್ಮ ಬೊಕ್ಕಸದಿಂದಲೇ ಹಣ ಬರಬೇಕು. ರಾಜ್ಯ ಸರಕಾರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಭಾರಿ ಶುಲ್ಕ ಪಡೆಯುವ ಖಾಸಗಿ ವಿಶ್ವವಿದ್ಯಾನಿಲಯಗಳು ಈ ಹೊಣೆಯನ್ನು ಹಂಚಿಕೊಳ್ಳಲಿ.

ಕರಾವಳಿಯ ನಾವು ಇದನ್ನು ದೂರದ ಜಿಲ್ಲೆಯ ಸುದ್ದಿಯೆಂದು ಓದಿ ಮುಗಿಸಬಾರದು. ಬೆಳ್ತಂಗಡಿ, ಕಾರ್ಕಳ, ಬೈಂದೂರು ತಾಲೂಕುಗಳ ಘಟ್ಟದ ತಪ್ಪಲಿನಲ್ಲಿಯೂ ಮಳೆಗಾಲದಲ್ಲಿ ರೋಗಿಯನ್ನು ಕುರ್ಚಿಯಲ್ಲಿ ಹೊತ್ತು ತೋಡು ದಾಟಿಸುವ ಮನೆಗಳಿವೆ. ನಮ್ಮ ಕಾಲೇಜುಗಳಿಂದಲೂ ಪ್ರತಿ ವರ್ಷ ನೂರಾರು ವೈದ್ಯರು, ದಾದಿಯರು ಹೊರಬರುತ್ತಾರೆ. ಮುಂದಿನ ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಈ ಮನೆಗಳ ಗರ್ಭಿಣಿಯರ ಪಟ್ಟಿ ಯಾರ ಕೈಯಲ್ಲಿರುತ್ತದೆ? ನಮ್ಮ ಪಂಚಾಯತಿನಲ್ಲಿ, ನಮ್ಮ ಆರೋಗ್ಯ ಕೇಂದ್ರದಲ್ಲಿ, ನಮ್ಮ ಪರಿಚಯದ ಕಾಲೇಜಿನಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿ ಬರುವುದರಿಂದ ಆರಂಭಿಸಬಹುದು.